ಸೊಸೆಗೆಂದು ಕಟ್ಟಿಸಿದ ಆಸ್ಪತ್ರೆ ಚೀಲ

ಆಸ್ಪತ್ರೆ ಚೀಲ ಕಟ್ಟುವುದಕ್ಕೂ ಒಂದು ಕ್ರಮವಿದೆ. ಕೊನೆಗೆ ಬೇಕಾಗುವುದು ತಳಕ್ಕೆ, ಮೊದಲು ಬೇಕಾಗುವುದು ಮೇಲಕ್ಕೆ. ತಳದಲ್ಲಿ ಬಾಣಂತಿ ಮನೆಗೆ ಮರಳುವಾಗ ಉಡುವ ಸೀರೆ, ಮುಂದೆ ಗುಂಡಿ ಇರುವ ರವಿಕೆ. ಅದರ ಮೇಲೆ ಗಂಜಿಗೆ ನುಚ್ಚು, ಬೆಲ್ಲ, ಮೆಣಸಿನ ಪುಟ್ಟ ಗಂಟು, ಒಂದು ಚೊಂಬು, ಒಂದು ಲೋಟ. ಆಮೇಲೆ ಕಂಬಳಿ. ಎಲ್ಲಕ್ಕಿಂತ ಮೇಲೆ ಹಾಸಲು ರೆಕ್ಸಿನ್ ತುಂಡು, ಕುದಿಸಿ ಬಿಸಿಲಿಗೆ ಒಣಗಿಸಿದ ಹಳೆಯ ಪಂಚೆಯ ಬಟ್ಟೆಗಳು. ಆ ಬಟ್ಟೆಗಳನ್ನು ಇನ್ನೊಂದು ಶುದ್ಧ ಬಟ್ಟೆಯಲ್ಲಿ ಸುತ್ತಿ, ಹೆರಿಗೆಯ ಹೊತ್ತಿನ ತನಕ ಯಾರೂ ಬಿಚ್ಚಕೂಡದು. ಇದನ್ನು ನನಗೆ ಟ್ರೈನಿಂಗಿನಲ್ಲಿ ಯಾರೂ ಕಲಿಸಿರಲಿಲ್ಲ. ಗಾಡಿಯಲ್ಲಿ ಹಾಸಿದ್ದ ಗೋಣಿಚೀಲದ ಮೇಲೇ ಹೆತ್ತು, ಮಗುವನ್ನು ಗಂಡನ ರುಮಾಲಿನಲ್ಲಿ ಸುತ್ತಿಕೊಂಡು ಬಂದವರನ್ನು ನೋಡಿ ನೋಡಿ ನಾನೇ ಮಾಡಿಕೊಂಡ ಕ್ರಮ.

ಎಂಬತ್ತರ ದಶಕದ ಮೊದಲ ವರ್ಷಗಳು. ಕತ್ತಲಗೆರೆಯಿಂದಾಚೆ ಒಂದು ಹಳ್ಳಿಯಲ್ಲಿ ನಾನು ನರ್ಸ್ ಆಗಿದ್ದೆ. ಹುಟ್ಟಿದ್ದು ಜಗಳೂರಿನ ಕಡೆ. ನಮ್ಮ ಸೀಮೆಯ ನೀರು ಎಷ್ಟು ಗಡುಸೋ ಮಾತೂ ಅಷ್ಟೇ ಗಡುಸು ಎಂದು ಈ ಕಡೆಯವರು ನನ್ನನ್ನು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ಕೆಲಸ ಆದರೆ ಸಾಕು ಎಂದು ನಾನೂ ಬಿಟ್ಟಿದ್ದೆ. ಆದರೆ ಚೀಲದ ವಿಷಯದಲ್ಲಿ ಕೆಲಸವೇ ಆಗುತ್ತಿರಲಿಲ್ಲ. ಬಸುರಿ ಇದ್ದ ಮನೆಗೆ ಹೋಗಿ ಹೆರಿಗೆಗೆ ಮುಂಚೆ ಬಟ್ಟೆ ಜೋಡಿಸಿಡಿ ಎಂದರೆ ಸಾಕು, ಒಳಗಿನಿಂದ ಯಾರಾದರೊಬ್ಬ ಮುದುಕಿ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ ಎಂದು ಗಾದೆ ಎಸೆಯುತ್ತಿದ್ದಳು. ಗಾದೆ ಎಸೆದ ಮೇಲೆ ಮಾತು ಮುಗಿಯಿತು. ಹುಟ್ಟದ ಮಗುವಿಗೆ ಏನನ್ನೂ ತೆಗೆದಿಡುವುದು ಅಪಶಕುನ. ಹೆರಿಗೆ ನೋವು ಬಂದ ಮೇಲೆ ಹಳೇ ಸೀರೆ ಹುಡುಕಲು ಇಡೀ ಮನೆ ಪೆಟ್ಟಿಗೆ ಕೆದಕುವುದು ಮಾತ್ರ ಶಕುನ.

ಆ ಹಳ್ಳಿಯ ಒಂದು ಮನೆಯ ಸೊಸೆಯ ಬಗ್ಗೆ ನನಗೆ ಭಯವಿತ್ತು. ನ್ಯಾಮತಿ ಕಡೆಯಿಂದ ಬಂದವಳು, ತಂದೆ ತಾಯಿ ತೀರಿಹೋಗಿದ್ದರು, ತವರು ಅಂತ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಎರಡು ಹೆರಿಗೆ ಆಗಿತ್ತು. ಎರಡರಲ್ಲೂ ಮಗುವಿನ ಹಿಂದೆ ಬೀಳಬೇಕಾದ ಕಸ, ಅಂದರೆ ಮಾಸು, ಬೀಳದೆ ನಿಂತು, ಕೊಡಗಟ್ಟಲೆ ರಕ್ತ ಹೋಗಿತ್ತು. ಮೂರನೆಯದಕ್ಕೆ ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣದ ಗೋಡೆಯ ಹಾಗೆ ಬಿಳಿ. ಕಬ್ಬಿಣದ ಮಾತ್ರೆ ಕೊಟ್ಟೆ, ನುಂಗುವುದನ್ನು ಕಣ್ಣಾರೆ ನೋಡಿದೆ. ಆದರೂ ಈ ಹೆಣ್ಣು ಮನೆಯಲ್ಲಿ ಹೆತ್ತರೆ ಉಳಿಯುವುದಿಲ್ಲ ಎಂಬುದು ನನಗೆ ಖಚಿತವಾಗಿತ್ತು. ಚನ್ನಗಿರಿಯ ಆಸ್ಪತ್ರೆಗೆ ಹೋಗಲೇಬೇಕು. ಅವಳ ಗಂಡ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ವಾರಕ್ಕೊಮ್ಮೆ ಬಂದು ಊಟ ಮಾಡಿ ಹೋಗುವವನು, ನಮ್ಮವ್ವ ಹೆಂಗಂದ್ರೆ ಹಂಗೆ ಎಂದುಬಿಟ್ಟ.

ಹಾಗಾಗಿ ಅತ್ತೆಯನ್ನು ಒಪ್ಪಿಸಲು ಹೊರಟೆ. ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಆಕೆ ಜಗಳವನ್ನೇ ಆಡಲಿಲ್ಲ. ಮಣೆ ಹಾಕಿ, ಕಾಫಿ ಕೊಟ್ಟು, ನಾನು ಮಾತು ಮುಗಿಸುವ ಮೊದಲೇ ಆಗಲಿ ಎಂದರು. ಕಾರಣವೂ ತಿಳಿಯಿತು. ಅದೇ ಮನೆಯ ಮಗಳು ಸಾಸ್ವೆಹಳ್ಳಿಗೆ ಮದುವೆಯಾಗಿದ್ದಳು, ಅವಳೂ ಬಸುರಿ. ಕುಬುಸದ ಶಾಸ್ತ್ರ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಒಂದೇ ಸೂರಿನ ಕೆಳಗೆ ಎರಡು ಬಾಣಂತನ ಆಗಬಾರದು, ಒಂದಕ್ಕೊಂದು ತಾಗುತ್ತದೆ ಎಂಬ ನಂಬಿಕೆ ಆ ಸೀಮೆಯಲ್ಲೆಲ್ಲ ಇತ್ತು. ಇಬ್ಬರಲ್ಲಿ ಒಬ್ಬರು ಹೊರಗೆ ಹೆರಲೇಬೇಕು. ಮಗಳು ಮನೆಯಲ್ಲಿ, ಸೊಸೆ ಆಸ್ಪತ್ರೆಯಲ್ಲಿ. ಹುಡುಕುವ ಬಳ್ಳಿ ಕಾಲಿಗೆ ತೊಡರಿದಂತಾಯಿತು ನನಗೆ. ಮೂಢನಂಬಿಕೆ ಎಂದು ಬಯ್ಯುತ್ತಿದ್ದವಳು ಅವತ್ತು ಆ ನಂಬಿಕೆಗೆ ಮನಸ್ಸಿನಲ್ಲೇ ಕೈ ಮುಗಿದೆ.

ಚೀಲ ಕಟ್ಟುವುದನ್ನೂ ಅತ್ತೆ ಕಲಿತರು. ಕಲಿತರು ಎನ್ನುವುದಕ್ಕಿಂತ ನನಗೇ ಕಲಿಸಿದರು ಎನ್ನಬೇಕು. ಕೂಸಿನ ಹೆಸರಲ್ಲಿ ಒಂದೂ ಇಡಬ್ಯಾಡ್ರಿ ಸಿಸ್ಟ್ರೇ, ಎಲ್ಲಾ ತಾಯಿ ಹೆಸರಲ್ಲೇ ಇರಲಿ, ಆಗ ಯಾರೂ ಏನೂ ಅನ್ನಂಗಿಲ್ಲ ಎಂದರು. ನೂರರ ಹತ್ತಿರ ಬದುಕಿ ಸತ್ತ ತಮ್ಮ ಅತ್ತೆಯ ಸೀರೆ ತೆಗೆದು ತಂದರು. ದೀರ್ಘಾಯುಷ್ಯದವರ ಬಟ್ಟೆಯಲ್ಲಿ ಸುತ್ತಿದ ಮಗುವಿಗೆ ಅದೇ ಆಯಸ್ಸು ಬರುತ್ತದಂತೆ. ಅದನ್ನು ಹರಿದು, ಸೀಗೆಪುಡಿಯಲ್ಲಿ ಒಗೆದು, ಹಂಡೆಯಲ್ಲಿ ಕುದಿಸಿ, ನನ್ನ ಎದುರಿಗೇ ಬಿಸಿಲಿಗೆ ಹಾಕಿದರು. ಕಾಗೆ ಕೂರದ ಹಾಗೆ ಪಕ್ಕದಲ್ಲಿ ಕೋಲು ಹಿಡಿದು ಕೂತರು. ಸೊಸೆ ಹೊಸಿಲ ಬಳಿ ನಿಂತು ನೋಡುತ್ತಿದ್ದಳು. ಅವಳ ಹೆಸರಲ್ಲಿ ಆ ಮನೆಯಲ್ಲಿ ಯಾರಾದರೂ ಏನಾದರೂ ತೆಗೆದಿಟ್ಟದ್ದು ಅದೇ ಮೊದಲು ಇರಬೇಕು. ಚೀಲದ ಬಾಯಿ ಕಟ್ಟುವಾಗ ಅವಳು ಮೆಲ್ಲಗೆ ಬಂದು ಹಗ್ಗದ ತುದಿ ಹಿಡಿದುಕೊಂಡಳು.

ಕಟ್ಟಿದ ಚೀಲವನ್ನು ಬಾಗಿಲ ಪಕ್ಕದ ಗೂಟಕ್ಕೆ ನೇತು ಹಾಕಿದೆವು. ಅದು ನನ್ನ ಹೆಮ್ಮೆಯ ಚೀಲವಾಯಿತು. ಬೇರೆ ಮನೆಯ ಬಸುರಿಯರನ್ನು, ಅವರ ಅತ್ತೆಯರನ್ನು ಕರೆತಂದು ಬಿಚ್ಚದೆಯೇ ತೋರಿಸುತ್ತಿದ್ದೆ. ಇಷ್ಟು ದೊಡ್ಡ ಮನೆಯಲ್ಲೇ ಮಾಡಿದ್ದಾರೆ, ನಿಮಗೇನು ಧಾಡಿ ಎನ್ನುತ್ತಿದ್ದೆ. ಅತ್ತೆ ಪಕ್ಕದಲ್ಲಿ ನಿಂತು, ಮೇಲೆ ಏನು, ಕೆಳಗೆ ಏನು ಎಂದು ಬಾಯಿಪಾಠ ಒಪ್ಪಿಸುತ್ತಿದ್ದರು. ಗಾದೆ ಎಸೆಯುವವರ ಬಾಯಿ ಬಂದಾಯಿತು. ಚನ್ನಗಿರಿಗೆ ಹೋಗಿ ಡಾಕ್ಟರಮ್ಮನಿಗೆ ಹೇಳಿ ಬಂದೆ, ಇಂಥವಳೊಬ್ಬಳು ಬರುತ್ತಾಳೆ, ಕಸ ನಿಲ್ಲುವ ಕೇಸು ಎಂದು. ಅವರು ನೆನಪಿಟ್ಟುಕೊಳ್ಳುತ್ತೇನೆ ಎಂದರು. ಅಕ್ಕಿ ಗಿರಣಿಯ ಮಾಲೀಕರನ್ನು ಕಾಡಿ ಬೇಡಿ, ನೋವು ಬಂದ ದಿನ ಅವರ ವ್ಯಾನು ಕೊಡುವ ಹಾಗೆ ಮಾಡಿದೆ. ನೋವು ಶುರುವಾದರೆ ಸಾಕು, ಕಾಯಬೇಡಿ, ಹೊರಡಿ, ನಾನು ಎಲ್ಲಿದ್ದರೂ ಆಸ್ಪತ್ರೆಗೆ ಬರುತ್ತೇನೆ ಎಂದು ಅತ್ತೆಗೆ ಹೇಳಿದ್ದೆ. ಇಷ್ಟರ ನಡುವೆ ಮಗಳೂ ತವರಿಗೆ ಬಂದಿದ್ದಳು. ಅವಳನ್ನೂ ಪರೀಕ್ಷೆ ಮಾಡಿದೆ. ಗಟ್ಟಿಮುಟ್ಟಾದ ಹುಡುಗಿ, ಮಗು ಸರಿಯಾಗಿ ತಿರುಗಿತ್ತು, ಮನೆಯಲ್ಲೇ ನಾನು ಹೆರಿಗೆ ಮಾಡಿಸುತ್ತೇನೆ ಎಂದೆ. ಹೂಂ ಎಂದರು ಅತ್ತೆ.

ಆ ದಿನ ನಾನು ಕತ್ತಲಗೆರೆಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ನಮ್ಮ ಹಳ್ಳಿಯವರೊಬ್ಬರು, ಗಿರಣಿಯ ವ್ಯಾನು ಆಗಲೇ ಚನ್ನಗಿರಿ ಕಡೆ ಹೋಯಿತು, ಆ ಮನೆಯ ಯಜಮಾನತಿ ಒಳಗೆ ಕೂತಿದ್ದರು ಎಂದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರಲ್ಲ ಎಂದುಕೊಂಡೆ. ಉಳಿದ ಕೆಲಸ ಮುಗಿಸಿ, ಐಸಿನ ಫ್ಲಾಸ್ಕನ್ನು ಸ್ಕೂಲಿನ ಮೇಷ್ಟ್ರ ಬಳಿ ಬಿಟ್ಟು ಮುಂದಿನ ಬಸ್ಸು ಹತ್ತಿದೆ.

ವಾರ್ಡಿನ ಬಾಗಿಲಲ್ಲೇ ನನ್ನ ಚೀಲ ಕಂಡಿತು. ಮಂಚದ ಕಾಲಿಗೆ ಒರಗಿಸಿದ್ದರು. ಅತ್ತೆ ಲೋಟದಲ್ಲಿ ಕಾಫಿ ಆರಿಸುತ್ತಿದ್ದರು. ಮಂಚದ ಮೇಲೆ ಮಗಳಿದ್ದಳು.

ನಾನು ದಡ್ಡಿಯ ಹಾಗೆ ಆಚೀಚೆ ಮಂಚಗಳನ್ನೆಲ್ಲ ನೋಡಿದೆ, ಸೊಸೆ ಇನ್ನೊಂದರ ಮೇಲೆ ಇರಬಹುದು ಎಂದು. ಆಮೇಲೆ ಕೇಳಿದೆ, ಸೊಸೆ ಎಲ್ಲಿ?

"ಮನ್ಯಾಗೆ ಅದಾಳೆ," ಎಂದರು ಅತ್ತೆ. "ಬೆಳಿಗ್ಗಿಂದ ಸೊಂಟ ಹಿಡ್ಕಂಡೈತೆ ಅಂತಿದ್ಲು. ಸೂಲಗಿತ್ತೀನ ಕೂರ್ಸಿ ಬಂದೀನಿ, ಗಾಬರಿ ಆಗಬ್ಯಾಡ್ರಿ."

ಗಾಬರಿಯಲ್ಲ, ಮೈಯೆಲ್ಲ ಉರಿದುಹೋಯಿತು. ನಾನು ಕಟ್ಟಿಸಿದ ಚೀಲ, ನಾನು ಗೊತ್ತು ಮಾಡಿದ ವ್ಯಾನು, ನಾನು ಹೇಳಿಟ್ಟ ಮಂಚ. ಎಲ್ಲವೂ ಇತ್ತು, ಯಾರಿಗಾಗಿ ಮಾಡಿದ್ದೆನೋ ಅವಳು ಮಾತ್ರ ಇರಲಿಲ್ಲ. ಇದು ಗಾಬರಿಯಲ್ಲಿ ಆದ ತಪ್ಪೂ ಅಲ್ಲ. ಒಂದೆರಡು ಮಾತಿನಲ್ಲೇ ಹೊರಬಿತ್ತು. ಹಬ್ಬಕ್ಕೆಂದು ಸಾಸ್ವೆಹಳ್ಳಿಯ ಬೀಗರು ಬಂದಿದ್ದರಂತೆ. ಗೂಟದಲ್ಲಿದ್ದ ಚೀಲ ನೋಡಿ ಏನು ಎಂದು ಕೇಳಿದರಂತೆ. ಊರೆಲ್ಲ ಬಂದು ನೋಡಿಹೋಗುವ ಆಸ್ಪತ್ರೆ ಚೀಲ ಸೊಸೆಯದು, ನಮ್ಮ ಮಗಳಿಗೆ ಮನೆಯ ಮೂಲೆ ಎಂದು ಹೇಳುವುದಕ್ಕೆ ಈಕೆಗೆ ನಾಲಿಗೆ ಬರಲಿಲ್ಲ. ಇದು ನಿಮ್ಮ ಸೊಸೆಗೇ ಎಂದುಬಿಟ್ಟರಂತೆ. ಆ ದಿನದಿಂದಲೂ ಚೀಲ ಮಗಳದೇ ಆಗಿತ್ತು. ಆಮೇಲೂ ನಾನು ಜನರನ್ನು ಕರೆತಂದೆ, ಆಮೇಲೂ ಈಕೆ ಪಕ್ಕದಲ್ಲಿ ನಿಂತು ಬಾಯಿಪಾಠ ಒಪ್ಪಿಸಿದರು. ನಂಬಿಸಿ ಕತ್ತು ಕೊಯ್ಯುವುದು ಎಂದರೆ ಇದೇ.

ಬಯ್ಯುತ್ತಾ ನಿಲ್ಲಲು ಹೊತ್ತಿರಲಿಲ್ಲ. ಡಾಕ್ಟರಮ್ಮನ ಬಳಿ ಓಡಿ, ಕಸ ನಿಲ್ಲುವ ಕೇಸು ಹಳ್ಳಿಯಲ್ಲೇ ನೋವು ತಿನ್ನುತ್ತಿದೆ ಎಂದೆ. ಅವರು ಮಗಳನ್ನು ಆಗಲೇ ನೋಡಿದ್ದರು. ಚೊಚ್ಚಲು, ಗರ್ಭದ ಬಾಯಿ ಈಗಷ್ಟೇ ತೆರೆಯುತ್ತಿದೆ, ಸಂಜೆಯ ತನಕ ಏನೂ ಆಗುವುದಿಲ್ಲ ಎಂದರು. ರಕ್ತ ನಿಲ್ಲಿಸುವ ಇಂಜೆಕ್ಷನ್ ನನ್ನ ಕೈಗೆ ಕೊಟ್ಟು, ಹೆರಿಗೆ ಆಗಿರಲಿ ಬಿಡಲಿ, ಸೊಸೆಯನ್ನು ಇಲ್ಲಿಗೆ ತಂದುಬಿಡಿ ಎಂದರು. ವಾರ್ಡಿಗೆ ವಾಪಸ್ಸು ಬಂದು ನಾನು ಚೀಲಕ್ಕೆ ಕೈ ಹಾಕಿದೆ.

ಎತ್ತುವ ಮೊದಲು ಒಂದು ಗಳಿಗೆ ಕೈ ತಡೆಯಿತು, ಸುಳ್ಳೇಕೆ ಹೇಳಲಿ. ಮಂಚದ ಮೇಲಿದ್ದವಳೂ ಬಸುರಿಯೇ, ನೋವು ತಿನ್ನುತ್ತಿದ್ದವಳೇ. ಅವಳ ತಪ್ಪೇನೂ ಇರಲಿಲ್ಲ. ಆದರೆ ಆಸ್ಪತ್ರೆಯಲ್ಲಿ ಅವಳಿಗೆ ಡಾಕ್ಟರು, ನರ್ಸು, ಅಮ್ಮ ಎಲ್ಲರೂ ಇದ್ದರು. ಅಲ್ಲಿ ಇನ್ನೊಬ್ಬಳಿಗೆ ಶುದ್ಧವಾದ ಒಂದು ತುಂಡು ಬಟ್ಟೆಯೂ ಇರಲಾರದು. ಅತ್ತೆ ಚೀಲದ ಇನ್ನೊಂದು ಹಿಡಿ ಹಿಡಿದುಕೊಂಡರು. ಬೀಗರು ಮಧ್ಯಾಹ್ನ ಬರ್ತಾರೆ, ಮಗಳ ಕೆಳಗೆ ಹಾಸಾಕೆ ಏನೂ ಇಲ್ಲಂದ್ರೆ ಮರ್ಯಾದೆ ಹೋಗುತ್ತೆ ಎಂದರು. ಇಬ್ಬರೂ ಎಳೆದಾಡುತ್ತಿದ್ದೆವು, ಸಂತೆಯಲ್ಲಿ ಕೋಳಿಗೆ ಜಗಳವಾಡುವವರ ಹಾಗೆ. ಆಗ ಮಗಳು ಗೋಡೆ ಕಡೆ ಮುಖ ಮಾಡಿಕೊಂಡೇ ಹೇಳಿದಳು:

"ಬಿಡವ್ವ. ಅತ್ತಿಗೇದು ಅದು. ತಗಂಡು ಹೋಗ್ಲಿ."

ಅತ್ತೆಯ ಕೈ ಸಡಿಲವಾಯಿತು. ಹೊರಗೆ ವ್ಯಾನಿನ ಡ್ರೈವರು ಟೀ ಕುಡಿಯುತ್ತಿದ್ದ. ಒಂದೇ ಟ್ರಿಪ್ಪು ಅಂತ ಯಜಮಾನರು ಹೇಳಿದ್ದಾರೆ ಎಂದ. ನಾನು ಮುಂದಿನ ಸೀಟಿನಲ್ಲಿ ಹೋಗಿ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡು, ಯಜಮಾನರಿಗೆ ನಾನು ಹೇಳಿಕೊಳ್ಳುತ್ತೇನೆ, ಹತ್ತಪ್ಪಾ ಎಂದೆ.

ಮನೆಯಲ್ಲಿ ಬಾಣಂತಿ ಕೋಣೆ ಸಾರಿಸಿ, ಮಂಚ ಹಾಕಿ, ಸಿದ್ಧವಾಗಿತ್ತು. ಆದರೆ ಅದರಲ್ಲಿ ಯಾರೂ ಇರಲಿಲ್ಲ. ಅದು ಆಸ್ಪತ್ರೆಯಿಂದ ಬರುವ ಮಗಳಿಗೆ. ಒಂದೇ ಸೂರಿನ ಕೆಳಗೆ ಎರಡು ಆಗಬಾರದಲ್ಲ, ಸೊಸೆಯನ್ನು ಹಿತ್ತಲಿನ ಸೌದೆ ಮನೆಗೆ ಹಾಕಿದ್ದರು. ಮಗು ಆಗಲೇ ಹುಟ್ಟಿತ್ತು, ಹೆಣ್ಣು, ಸೂಲಗಿತ್ತಿಯ ಮಡಿಲಲ್ಲಿ ಅಳುತ್ತಿತ್ತು. ಕಸ ಬಿದ್ದಿರಲಿಲ್ಲ. ವಾಕರಿಕೆ ಬಂದರೆ ಕಸ ಬೀಳುತ್ತದೆಂದು ಸೊಸೆಯ ಬಾಯಿಗೆ ಅವಳದೇ ಜಡೆಯ ತುದಿ ತುರುಕಿದ್ದರು. ಕೆಳಗೆ ಹಾಸಿದ್ದ ಗೋಣಿ ನೆನೆದು ಕಪ್ಪಾಗಿತ್ತು. ಬಾಯಿಂದ ಕೂದಲು ಎಳೆದು ತೆಗೆದು ನಾಡಿ ಹಿಡಿದೆ. ದಾರದ ಹಾಗೆ ಸಣ್ಣಗೆ, ಓಡುತ್ತಿತ್ತು.

ಚೀಲ ಬಿಚ್ಚಿದೆ. ಮೇಲಿದ್ದದ್ದು ಮೇಲೇ ಸಿಕ್ಕಿತು. ರೆಕ್ಸಿನ್ ಹಾಸಿ ಅವಳನ್ನು ಹೊರಳಿಸಿದೆ. ರಬ್ಬರ್ ಕೊಳವೆ ಹಾಕಿ ಮೂತ್ರ ತೆಗೆದೆ, ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಕುಗ್ಗುವುದಿಲ್ಲ. ಹೊಕ್ಕಳ ಹತ್ತಿರ ಕೈಯಿಟ್ಟರೆ ಗರ್ಭಕೋಶ ಕಣಕದ ಉಂಡೆಯ ಹಾಗೆ ಮೆತ್ತಗಿತ್ತು. ಉಜ್ಜಿದೆ. ಗಟ್ಟಿಯಾಯಿತು, ಕೈ ತೆಗೆದರೆ ಮತ್ತೆ ಮೆತ್ತಗಾಯಿತು. ಮಗುವನ್ನು ಎದೆಗೆ ಹಾಕಿಸಿದೆ. ಡಾಕ್ಟರಮ್ಮ ಕೊಟ್ಟ ಇಂಜೆಕ್ಷನ್ ಚುಚ್ಚಿದೆ. ರಕ್ತ ಕಡಿಮೆಯಾಯಿತು, ನಿಲ್ಲಲಿಲ್ಲ, ಕಸವೂ ಬರಲಿಲ್ಲ. ಹೊಕ್ಕುಳಬಳ್ಳಿ ಹಿಡಿದು ಎಳೆಯಲು ಸೂಲಗಿತ್ತಿ ಕೈ ಚಾಚಿದಾಗ ಅವಳ ಕೈ ಮೇಲೆ ಹೊಡೆದೆ. ಎಳೆದರೆ ಗರ್ಭಕೋಶವೇ ಮಗುಚಿ ಬರುತ್ತದೆ. ಕಂಬಳಿಯ ಮೇಲೆ ಅವಳನ್ನು ಎತ್ತಿಸಿ, ವ್ಯಾನಿನಲ್ಲಿ ಮಲಗಿಸಿ, ಕಾಲಿನ ಕೆಳಗೆ ಅಕ್ಕಿ ಮೂಟೆಯಿಟ್ಟು ಎತ್ತರ ಮಾಡಿದೆವು. ದಾರಿಯುದ್ದಕ್ಕೂ ನನ್ನ ಕೈ ಅವಳ ಹೊಟ್ಟೆಯ ಮೇಲೇ ಇತ್ತು. ಒಂದು ಕಡೆ ಅವಳು ಕಣ್ಣು ತೆರೆದು, ಸಿಸ್ಟ್ರೇ, ನಾನು ಕರೆದ್ರೆ ನೀವು ಬರ್ತೀರಿ ಅಂತ ಗೊತ್ತಿತ್ತು ಎಂದಳು. ನನಗೆ ಯಾವ ಕರೆಯೂ ಮುಟ್ಟಿರಲಿಲ್ಲ; ಅವಳು ಕೂಗಿ ಕರೆದದ್ದು ಯಾರನ್ನು, ಅದನ್ನು ಯಾರು ಕೇಳಿಸಿಕೊಂಡರು ಎಂದು ಕೇಳುವ ಧೈರ್ಯವಾಗಲಿಲ್ಲ.

ಡಾಕ್ಟರಮ್ಮ ಕೈ ಹಾಕಿಯೇ ಕಸ ತೆಗೆದರು. ಎರಡೂ ತೋಳಿಗೆ ಬಾಟಲಿ ಏರಿಸಿದರು. ಸಂಜೆಯ ಹೊತ್ತಿಗೆ ನಾಡಿ ಕೈಗೆ ಸಿಗುವಂತಾಯಿತು, ತುಟಿಗೆ ಸ್ವಲ್ಪ ಬಣ್ಣ ಬಂತು. ಅದೇ ಹೊತ್ತಿಗೆ ಪಕ್ಕದ ಮಂಚದಲ್ಲಿದ್ದ ಮಗಳಿಗೂ ಸುಖವಾಗಿ ಗಂಡು ಮಗುವಾಯಿತು. ವರಾಂಡದಲ್ಲಿ ಅತ್ತೆ ಸಿಕ್ಕಿದರು. ಸಕ್ಕರೆ ಹಂಚುತ್ತಿದ್ದರು, ನನ್ನ ಕೈಗೂ ಹಾಕಲು ಬಂದರು. ನಾನು ಕೈ ಹಿಂದಕ್ಕೆಳೆದುಕೊಂಡು ಕೇಳಿದೆ, ಹೀಗೇಕೆ ಮಾಡಿದಿರಿ, ಅವಳು ಸತ್ತಿದ್ದರೆ? ಆಕೆಗೆ ನಾಚಿಕೆಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಲೆಕ್ಕ ಗೊತ್ತಿಲ್ಲದವಳಿಗೆ ಬಿಡಿಸಿ ಹೇಳುವ ಹಾಗೆ ಹೇಳಿದರು.

"ಮಗಳು ಇನ್ನೊಬ್ರ ಮನೇದು, ಸಿಸ್ಟ್ರೇ. ಅವಳಿಗೆ ಒಂದು ಹೋಗಿ ಒಂದಾದ್ರೆ ನಾನು ಬೀಗರಿಗೆ ಏನಂತ ಹೇಳ್ಲಿ? ಇವಳನ್ನ ಕೇಳಾಕೆ ಯಾರು ಬರ್ತಾರೆ?"

ನಾನು ಕೇಳುತ್ತೇನೆ ಎಂದೆ. ಮರುದಿನ ಬೆಳಿಗ್ಗೆ ಕೇಳಿಯೂಬಿಟ್ಟೆ. ಡಾಕ್ಟರಮ್ಮ ರೌಂಡ್ಸಿಗೆ ಬಂದಾಗ, ಅತ್ತೆ, ಮಗಳು, ಸಾಸ್ವೆಹಳ್ಳಿಯ ಬೀಗರು ಎಲ್ಲರೂ ಇದ್ದರು. ನಡೆದದ್ದೆಲ್ಲವನ್ನೂ ಹೇಳಿದೆ. ಚೀಲ ಯಾರಿಗೆ ಕಟ್ಟಿದ್ದು, ವ್ಯಾನಿನಲ್ಲಿ ಯಾರು ಬಂದರು, ಯಾರನ್ನು ಸೌದೆ ಮನೆಯಲ್ಲಿ ಬಿಟ್ಟರು. ಡಾಕ್ಟರಮ್ಮನ ಮುಖ ಕೆಂಪಾಯಿತು. ಅವರು ಸೊಸೆಯ ಕಡೆ ತಿರುಗಿ, ಹೌದೇನಮ್ಮಾ, ಹೆದರಬೇಡ, ಹೇಳು ಎಂದರು.

ಸೊಸೆ ನನ್ನನ್ನು ನೋಡಲಿಲ್ಲ.

"ಇಲ್ರೀ," ಎಂದಳು. "ಅತ್ತೆ ಕರದ್ರು. ನಾನೇ ಬರಲ್ಲ ಅಂದೆ. ಚೀಲಾನೂ ನಾನೇ ನಾದಿನಿಗೆ ಕೊಟ್ಟೆ. ಸಿಸ್ಟ್ರು ಯಾಕೆ ಹಿಂಗಂತಾರೋ ಗೊತ್ತಿಲ್ಲ."

ಪಕ್ಕದ ಮಂಚದ ಮಗಳು, ನಿನ್ನೆ ಅದು ಅತ್ತಿಗೆಯದು ಎಂದವಳು, ಮಗುವಿಗೆ ಹಾಲು ಕುಡಿಸುತ್ತಾ ತಲೆ ಎತ್ತಲಿಲ್ಲ. ಡಾಕ್ಟರಮ್ಮ ಒಮ್ಮೆ ಸೊಸೆಯನ್ನು, ಒಮ್ಮೆ ನನ್ನನ್ನು ನೋಡಿ, ಮನೆಯವರ ಮೇಲೆ ಮಾತು ಹೊರಿಸುವ ಮುಂಚೆ ಸರಿಯಾಗಿ ವಿಚಾರಿಸಬೇಕು ಸಿಸ್ಟರ್ ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು. ಬೀಗರ ಎದುರು, ವಾರ್ಡಿನ ಎದುರು ನಾನು ಸುಳ್ಳಿಯಾದೆ. ಅತ್ತೆ ಮಾಡಿದ್ದಕ್ಕೆ ನನಗೆ ಕೋಪ ಬಂದಿತ್ತು. ಸೊಸೆ ಮಾಡಿದ್ದಕ್ಕೆ ಅಳು ಬಂತು. ಬಚ್ಚಲಿಗೆ ಹೋಗಿ, ಅವಳ ರಕ್ತದ ಕಲೆ ಇನ್ನೂ ಹೋಗದ ನನ್ನ ಸೀರೆಯ ಸೆರಗನ್ನೇ ಬಾಯಿಗೊತ್ತಿಕೊಂಡು ಅತ್ತುಬಿಟ್ಟೆ.

ಬಾಣಂತಿಯರಿಬ್ಬರೂ ಮನೆಗೆ ಹೋದ ಮೇಲೆ ನೋಡಲು ಹೋಗುವುದು ನನ್ನ ಕೆಲಸ. ಮನಸ್ಸಿರಲಿಲ್ಲ, ಹೋದೆ. ಅತ್ತೆ ಎಂದಿನಂತೆಯೇ ಮಣೆ ಹಾಕಿದರು. ಕೋಣೆಯಲ್ಲಿ ಮಗಳು, ಸೌದೆ ಮನೆಯಲ್ಲಿ ಸೊಸೆ. ಸೊಸೆಯ ಮಗುವನ್ನು ಜೋಳಿಗೆಯಲ್ಲಿ ಹಾಕಿ, ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ತೂಕ ನೋಡಿದೆ. ಚೆನ್ನಾಗಿತ್ತು. ಸೊಸೆಯ ರೆಪ್ಪೆ ಎಳೆದು ನೋಡಿದೆ, ಮಾತ್ರೆ ಕೊಟ್ಟೆ. ಕೇಳಬಾರದು ಎಂದುಕೊಂಡೇ ಹೋಗಿದ್ದವಳು ತಡೆಯಲಾರದೆ ಕೇಳಿದೆ, ಯಾಕಮ್ಮಾ ಹಾಗಂದೆ?

ಅವಳು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು.

"ನೀವು ಕೇಳ್ತೀರಿ, ಸಿಸ್ಟ್ರೇ. ಕೇಳಿ ಸಂಜಿಗೆ ನಿಮ್ಮ ರೂಮಿಗೆ ಹೋಗ್ತೀರಿ. ನೀವು ಕೇಳಿದ್ದಕ್ಕೆ ಉತ್ರ ಕೊಡಾಕೆ ನಾನು ಇಲ್ಲೇ ಇರಬೇಕು."

ಅರ್ಥವಾಗುವ ಮಾತೇ. ಅರ್ಥವಾಯಿತು ಎಂದ ಮಾತ್ರಕ್ಕೆ ಉರಿ ಕಡಿಮೆಯಾಗುತ್ತದೆ ಎಂದು ಯಾರು ಹೇಳಿದರು? ನಾನು ತಕ್ಕಡಿ ಎತ್ತಿಕೊಂಡು ಎದ್ದೆ. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಸೌದೆ ಮನೆಯ ಬಾಗಿಲ ತನಕ ಬಂದಳು. ಅಲ್ಲಿ ನಿಂತು, ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆಗೆ ಚೆನ್ನಾಗಿ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳಿದಳು:

"ನಮ್ಮತ್ತೆ ನನ್ನನ್ನ ಮಗಳಂಗೆ ನೋಡ್ಕಂತಾರೆ, ಸಿಸ್ಟ್ರೇ. ಇನ್ನ ನೀವು ಈ ಮನೀಗೆ ಬರೋದು ಬ್ಯಾಡ್ರಿ."

ಅತ್ತೆ ತಲೆ ಎತ್ತದೆ ಅಕ್ಕಿ ಆರಿಸುತ್ತಲೇ ಇದ್ದರು. ಸೊಸೆಯ ಮುಖದಲ್ಲಿ ನನಗೆ ಮಾತ್ರ ಕಾಣುವ ಹಾಗೆ ಏನಾದರೂ ಗುರುತು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು, ಮತ್ತೆ ನಾನು ಆ ಮನೆಗೆ ಹೋಗಲಿಲ್ಲ.